ಕಸಾಯಿಖಾನೆಯ ಬಾಗಿಲಲ್ಲಿ ನಮ್ಮ ದಯೆ

(ಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನಿವೃತ್ತ ಪಶುವೈದ್ಯಾಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಬರಹರೂಪ)

 

ಇವತ್ತಿನ ವಿಷಯ ತಿಳಿದಾಗ ಸಂಘಟಕರಲ್ಲಿ ಒಬ್ಬರು ನನ್ನನ್ನು ಪಕ್ಕಕ್ಕೆ ಕರೆದು, "ಡಾಕ್ಟರೆ, ದಯೆ ಅಂತ ಹೇಳ್ರಿ, ಅಹಿಂಸೆ ಅಂತ ಹೇಳ್ರಿ. ಕಸಾಯಿಖಾನೆ ಮಾತು ಮಠದಾಗ ಯಾಕ?" ಎಂದರು. ಅವರ ಸಂಕೋಚ ನನಗೆ ಅರ್ಥವಾಗುತ್ತದೆ. ಪೂಜ್ಯರನ್ನು ಕೇಳಿದೆ. ಅವರು ನಕ್ಕು, "ಪ್ರಸಾದದ ಹೊತ್ತಿಗೆ ಮುಗಿಸಿಬಿಡ್ರಿ" ಎಂದಷ್ಟೇ ಹೇಳಿದರು. ಹಾಗೇ ಮುಗಿಸುತ್ತೇನೆ.

ನಾನು ದನದ ಡಾಕ್ಟರು. 32 ವರ್ಷ ಸರಕಾರಿ ನೌಕರಿ ಮಾಡಿದೆ. ಅದರಲ್ಲಿ ಮೂರು ವರ್ಷ ಒಂದು ಊರಿನಲ್ಲಿದ್ದೆ, ಊರಿನ ಹೆಸರು ಬೇಡ. ಅಲ್ಲಿ ಆಸ್ಪತ್ರೆಯ ಕೆಲಸದ ಜೊತೆಗೆ ಕಸಾಯಿಖಾನೆಯ ತಪಾಸಣೆಯೂ ನನ್ನ ಪಾಲಿಗೆ ಬಂದಿತ್ತು. ಕೊಯ್ಯುವ ಮುಂಚೆ ಪ್ರತಿಯೊಂದು ಪ್ರಾಣಿಯನ್ನೂ ಪರೀಕ್ಷಿಸಿ, ರೋಗವಿಲ್ಲ, ಗಬ್ಬವಿಲ್ಲ, ಕೊಯ್ಯಲು ಅಡ್ಡಿಯಿಲ್ಲ ಎಂದು ಸರ್ಟಿಫಿಕೇಟು ಕೊಡುವುದು ಕೆಲಸ. ಭಾನುವಾರವೆಂದರೆ ಎಪ್ಪತ್ತು ಎಂಬತ್ತು ಕುರಿ, ಆಡು. ನಸುಕಿನ ನಾಲ್ಕೂವರೆಗೆ ಶುರುವಾದರೆ ಆರರೊಳಗೆ ಮಾಂಸ ಅಂಗಡಿ ಸೇರಬೇಕು.

ನಾನು ಹುಟ್ಟಿದ್ದು ಲಿಂಗವಂತರ ಮನೆಯಲ್ಲಿ. ಮಾಂಸದ ವಾಸನೆಗೇ ಹೊಟ್ಟೆ ತೊಳಸುತ್ತಿತ್ತು. ನಸುಕಿನಲ್ಲಿ ಎದ್ದು ಅಲ್ಲಿಗೆ ಹೋಗುವುದು ನನ್ನಿಂದಾಗದು ಎಂದು ನಾನೇ ತೀರ್ಮಾನ ಮಾಡಿಕೊಂಡೆ. ಶನಿವಾರ ಸಂಜೆ ಜವಾನ ಸರ್ಟಿಫಿಕೇಟಿನ ಪುಸ್ತಕ ಮನೆಗೆ ತರುತ್ತಿದ್ದ. ಚಹಾ ಕುಡಿಯುತ್ತ ಎಂಬತ್ತು ಹಾಳೆಗೆ ಸಹಿ ಹಾಕಿ, ಸಿಕ್ಕಾ ಒತ್ತಿ ಕೊಡುತ್ತಿದ್ದೆ. ಆ ಕುರಿಗಳು ಇನ್ನೂ ಸಂತೆಯಿಂದ ಬಂದೇ ಇರುತ್ತಿರಲಿಲ್ಲ. ಅವುಗಳನ್ನು ನೋಡದಿರುವುದೇ ನನ್ನ ಶುದ್ಧಾಚಾರ ಎಂದುಕೊಂಡಿದ್ದೆ.

ಒಂದು ಬೇಸಿಗೆಯ ಸೋಮವಾರ ಬೆಳಿಗ್ಗೆ ಕಸಾಯಿಖಾನೆಯ ಹಿರಿಯರೊಬ್ಬರು ಆಸ್ಪತ್ರೆಗೆ ಬಂದರು. ಎಲ್ಲರೂ ಅವರನ್ನು ಚಾಚಾ ಅಂತಲೇ ಕರೆಯುತ್ತಿದ್ದರು. ಕೈಯಲ್ಲಿ ಹಳೇ ಟವೆಲಿನಲ್ಲಿ ಸುತ್ತಿದ ಏನೋ ಇತ್ತು. ಮೇಜಿನ ಮೇಲಿಟ್ಟು, "ಸಾಹೇಬ್ರ, ಇದು ನಿಮ್ಮದು" ಎಂದರು. ಬಿಚ್ಚಿದೆ. ಕುರಿಮರಿ. ದಿನ ತುಂಬಿದ್ದು, ಮೈಮೇಲೆ ಉಣ್ಣೆ ಬಂದಿತ್ತು, ಗೊರಸು ಇನ್ನೂ ಹಳದಿಯಾಗಿ ಮೆತ್ತಗಿತ್ತು. ತಾಯಿಯ ಹೊಟ್ಟೆ ಸೀಳಿದಾಗ ಸಿಕ್ಕಿದ್ದು.

"ಇನ್ನೊಂದು ವಾರ ಬಿಟ್ಟಿದ್ರ ಈಯ್ತಿತ್ತು. ಕತ್ತಲದಾಗ ನನಗ ಗೊತ್ತಾಗಲಿಲ್ಲ. ಕೆಚ್ಚಲ ನೋಡೋದು ನಿಮ್ಮ ಕೆಲಸ ಅಲ್ಲೇನ್ರಿ? ಇದರ ಕಾಗದದ ಮ್ಯಾಲ ನಿಮ್ಮ ಸಹಿ ಐತಿ."

ಬೈಯಲಿಲ್ಲ, ಇಷ್ಟು ಹೇಳಿ ಹೊರಟುಹೋದರು. ಬರಗಾಲದ ವರ್ಷ ಅದು. ಮೇವಿಲ್ಲದೆ ಕುರಿಗಾರರು ಗಬ್ಬದ ಕುರಿಗಳನ್ನೂ ಸಂತೆಗೆ ಹೊಡೆಯುತ್ತಿದ್ದರು. ಅದು ಗೊತ್ತಿದ್ದೂ ನಾನು ಮನೆಯಲ್ಲಿ ಕೂತು ಸಹಿ ಹಾಕಿದ್ದೆ. ಮರಿಯನ್ನು ಆಸ್ಪತ್ರೆಯ ಹಿತ್ತಲಲ್ಲಿ ನಾನೇ ಹೂಳಿದೆ. ಅವತ್ತು ಸಂಜೆ ಪೂಜೆಗೆ ಕೂತು ಅಂಗೈಯಲ್ಲಿ ಲಿಂಗ ಇಟ್ಟುಕೊಂಡಾಗ ಬೆರಳಿಗೆ ಸಿಕ್ಕಾದ ನೇರಳೆ ಮಸಿ ಇನ್ನೂ ಅಂಟಿತ್ತು. ತೊಳೆದುಕೊಂಡು ಬಂದು ಮತ್ತೆ ಕೂತೆ. ಪೂಜೆ ಸಾಗಲಿಲ್ಲ.

ಕಾಯಕದ ಬಗ್ಗೆ ಈ ವೇದಿಕೆಯಲ್ಲಿ ಎಷ್ಟೋ ಭಾಷಣ ಕೇಳಿದ್ದೇನೆ, ನಾನೂ ಮಾಡಿದ್ದೇನೆ. ಆ ವಾರದವರೆಗೆ ನನ್ನ ಕಾಯಕ ಯಾವುದು ಎಂದು ನಾನೇ ಕೇಳಿಕೊಂಡಿರಲಿಲ್ಲ.

ಮುಂದಿನ ಭಾನುವಾರ ನಾಲ್ಕು ಗಂಟೆಗೆ ಹೋದೆ. ಕಂಡದ್ದನ್ನು ತಾಯಂದಿರ ಮುಂದೆ ಪೂರ್ತಿ ಹೇಳುವುದಿಲ್ಲ. ಒಂದೇ ಹಾಲು. ಒಂದು ಕುರಿಯನ್ನು ಕೆಡವುವಾಗ ಉಳಿದವು ಎದುರಿಗೇ ನಿಂತು ನೋಡುತ್ತಿದ್ದವು. ಕುರಿಗೆ ಬಾಯಿಲ್ಲ ಅನ್ನುತ್ತೇವೆ. ರಕ್ತದ ವಾಸನೆಗೆ ಅವು ಒಂದರ ಮೇಲೊಂದು ಬಿದ್ದು ಗೋಡೆಗೆ ಒತ್ತಿಕೊಂಡದ್ದನ್ನು ನೋಡಿದರೆ ಆ ಮಾತು ಆಡಲು ಬಾಯಿ ಬರುವುದಿಲ್ಲ. ಹಿಂದಿನ ದಿನ ಮಧ್ಯಾಹ್ನ ಸಂತೆಯಲ್ಲಿ ಗಾಡಿ ಹತ್ತಿದಾಗಿನಿಂದ ನೀರು ಕಂಡಿರಲಿಲ್ಲ. ಕಾಲು ಮುರಿದಿದ್ದ ಒಂದನ್ನು ಒಬ್ಬ ಹಿಂಗಾಲು ಹಿಡಿದು ಎಳೆದು ತಂದ. ಇನ್ನೊಂದರ ಕಾಲು ಹಿಡಿಯಲು ಹನ್ನೆರಡು ಹದಿಮೂರು ವರ್ಷದ ಹುಡುಗ ನಿಂತಿದ್ದ. ಆ ಹುಡುಗ ಶಾಲೆಗೆ ಹೋಗುತ್ತಿದ್ದ.

ಅವತ್ತು ಮನೆಗೆ ಬಂದು ನಿಯಮಗಳ ಪ್ರತಿ ಹುಡುಕಿ ಮೊದಲ ಸಲ ಪೂರ್ತಿ ಓದಿದೆ. ಅಲ್ಲಿ ನಡೆಯುತ್ತಿದ್ದದ್ದೆಲ್ಲ ಆಗಲೇ ಕಾನೂನಿಗೆ ವಿರುದ್ಧವಾಗಿತ್ತು, ಬಂಧುಗಳೆ. ಹೊಸ ಕಾನೂನು ಬೇಕಿರಲಿಲ್ಲ.

ಪ್ರಾಣಿ ಹಿಂಸೆ ತಡೆ ಕಾಯ್ದೆ ಬಂದದ್ದು 1960ರಲ್ಲಿ. ಅದರ ಹಿಂದೆ ಇದ್ದವರು ಭರತನಾಟ್ಯದ ರುಕ್ಮಿಣೀದೇವಿ ಅರುಂಡೇಲ್. ರಾಜ್ಯಸಭೆಯ ಸದಸ್ಯರಾಗಿದ್ದಾಗ ಖಾಸಗಿ ಮಸೂದೆ ಮಂಡಿಸಿ ಸರಕಾರದ ಬೆನ್ನು ಹತ್ತಿದರು. ಆ ಕಾಯ್ದೆಯಡಿ 2001ರಲ್ಲಿ ಕಸಾಯಿಖಾನೆಗಳಿಗೆಂದೇ ನಿಯಮಗಳು ಬಂದವು. ಗಬ್ಬದ ಪ್ರಾಣಿಯನ್ನು ಕೊಯ್ಯಬಾರದು. ಮೂರು ತಿಂಗಳೊಳಗಿನ ಮರಿಯಿರುವ ತಾಯಿಯನ್ನು ಕೊಯ್ಯಬಾರದು, ಮೂರು ತಿಂಗಳೊಳಗಿನ ಮರಿಯನ್ನೂ ಕೊಯ್ಯಬಾರದು. ವೈದ್ಯರು ನೋಡಿದ ಮೇಲೆ 24 ಗಂಟೆ ನೆರಳಿನ ಕೊಟ್ಟಿಗೆಯಲ್ಲಿ ವಿಶ್ರಾಂತಿ ಕೊಡಬೇಕು, ನೀರು ಮೇವು ಇರಬೇಕು. ಒಂದು ಪ್ರಾಣಿಯ ಕಣ್ಣೆದುರಿಗೆ ಇನ್ನೊಂದನ್ನು ಕೊಯ್ಯಬಾರದು. 18 ವರ್ಷ ತುಂಬದವರನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳಬಾರದು. ದಿನಕ್ಕೆ ಎಷ್ಟು ಪ್ರಾಣಿ ಎಂಬುದನ್ನು ಸ್ಥಳೀಯ ಸಂಸ್ಥೆ ಜಾಗದ ಅಳತೆ ನೋಡಿ ಗೊತ್ತುಮಾಡಬೇಕು. ವೈದ್ಯನಾದವನು ಗಂಟೆಗೆ 12ಕ್ಕಿಂತ ಹೆಚ್ಚು, ದಿನಕ್ಕೆ 96ಕ್ಕಿಂತ ಹೆಚ್ಚು ಪ್ರಾಣಿ ಪರೀಕ್ಷಿಸಬಾರದು.

ಗಂಟೆಗೆ 12 ಎಂದರೆ ಒಂದು ಜೀವಕ್ಕೆ ಐದು ನಿಮಿಷ. ಕಣ್ಣು, ಮೂಗು, ಉಸಿರು ನೋಡಿ, ನಾಲ್ಕು ಹೆಜ್ಜೆ ನಡೆಸಿ, ಹೊಟ್ಟೆ ಮುಟ್ಟಿ, ಕೆಚ್ಚಲು ನೋಡಲು ಐದು ನಿಮಿಷ ಸಾಕು. ಎಂಬತ್ತು ಪ್ರಾಣಿಗೆ ಆರೂಮುಕ್ಕಾಲು ಗಂಟೆಯ ಹತ್ತಿರ ಆಗುತ್ತದೆ. ನಾನು ಚಹಾ ಆರುವುದರೊಳಗೆ ಮುಗಿಸುತ್ತಿದ್ದೆ.

ದಂಡ ಎಷ್ಟು ಗೊತ್ತೇ? ಪ್ರಾಣಿಗೆ ಹಿಂಸೆ ಕೊಟ್ಟರೆ ಮೊದಲ ತಪ್ಪಿಗೆ 1960ರ ಕಾಯ್ದೆ ಬರೆದದ್ದು 10 ರೂಪಾಯಿಯಿಂದ 50 ರೂಪಾಯಿ. ಕಸಾಯಿಖಾನೆಯ ನಿಯಮ ಮುರಿದರೆ 100 ರೂಪಾಯಿಯವರೆಗೆ ದಂಡ, ಅಥವಾ ಮೂರು ತಿಂಗಳವರೆಗೆ ಸಜೆ, ಅಥವಾ ಎರಡೂ. ದಂಡಕ್ಕೆ ಹೆದರಿ ಯಾರೂ ಬದಲಾಗುವುದಿಲ್ಲ, ಅದಕ್ಕೇ ಹೇಳುತ್ತಿದ್ದೇನೆ, ಇದರ ಬೀಗ ಇರುವುದು ಪರವಾನಗಿಯಲ್ಲಿ. ಪರವಾನಗಿ ಕೊಡುವುದು ನಗರಸಭೆ. ನಗರಸಭೆಗೆ ಆರಿಸಿ ಕಳಿಸುವುದು ನಾವು. ಕುಡಿಯುವ ನೀರಿಗೆ, ಗಟಾರಕ್ಕೆ, ಬೀದಿ ದೀಪಕ್ಕೆ ನಾವು ಅವರನ್ನು ಕೇಳುತ್ತೇವೆ. ಕಸಾಯಿಖಾನೆಯ ಸುದ್ದಿಯನ್ನು ಒಬ್ಬರೂ ಕೇಳುವುದಿಲ್ಲ. ತಿನ್ನುವವರಿಗೆ ಮಾಂಸ ಬಂದರೆ ಆಯಿತು, ತಿನ್ನದವರಿಗೆ ಕಣ್ಣಿಗೆ ಬೀಳದಿದ್ದರೆ ಆಯಿತು. ನಡುವೆ ಆ ಪ್ರಾಣಿಗಳಿಗೆ ದಿಕ್ಕಿಲ್ಲ.

ಈಗ ನಿಮ್ಮ ಮನಸ್ಸಿನಲ್ಲಿರುವ ಪ್ರಶ್ನೆಗೆ ಬರುತ್ತೇನೆ. ಕಳೆದ ತಿಂಗಳು ಒಬ್ಬ ತರುಣ ಶರಣರು ನೇರವಾಗಿಯೇ ಕೇಳಿದರು: "ಕೊಲ್ಲುವುದೇ ತಪ್ಪು ಅನ್ನುವವರು ನಾವು. ಚೆನ್ನಾಗಿ ಕೊಲ್ಲಿ ಎಂದು ಹೇಳಿದರೆ ಕೊಲೆಗೆ ಒಪ್ಪಿಗೆ ಕೊಟ್ಟಂತಾಗಲಿಲ್ಲವೆ?" ಪ್ರಾಮಾಣಿಕ ಪ್ರಶ್ನೆ. ಇದಕ್ಕೆ ಸುಲಭದ ಉತ್ತರ ನನ್ನ ಹತ್ತಿರ ಇಲ್ಲ. ಕೊಲ್ಲುವುದು ನಿಲ್ಲಲಿ ಎಂಬುದೇ ನನ್ನ ಆಸೆಯೂ. ಆದರೆ ನಾಳೆ ನಸುಕಿನಲ್ಲಿ ಸಾಯಲಿರುವ ಕುರಿಗೆ ಇವತ್ತು ರಾತ್ರಿ ಬಾಯಾರಿಕೆ ಆಗುತ್ತದೆ. ಜಗತ್ತೆಲ್ಲ ಮಾಂಸ ಬಿಡುವವರೆಗೆ ಬಾಯಾರಿ ನಿಂತಿರು ಎಂದು ಅದಕ್ಕೆ ಹೇಳುವ ಧೈರ್ಯ ನನಗಿಲ್ಲ. ಹಬ್ಬದ ಹರಕೆಗೆಂದು ತಂದ ಕುರಿಯ ಬಗ್ಗೆ ಬಸವಣ್ಣನವರು ವಚನ ಬರೆದಿದ್ದಾರೆ, ನಿಮಗೆಲ್ಲ ಬಾಯಿಪಾಠ. ಅವರು ಆ ಕುರಿಯ ಹತ್ತಿರ ಹೋಗಿ, ಅದರ ಹಸಿವನ್ನು ನೋಡಿದ್ದಾರೆ. ನೋಡದೆ ಅದನ್ನು ಬರೆಯಲಾಗುವುದಿಲ್ಲ.

ಇನ್ನೊಂದು ಮಾತು ಕಹಿ ಇದೆ, ಕ್ಷಮಿಸಬೇಕು. "ನಾವು ತಿನ್ನುವುದಿಲ್ಲ, ನಮಗೇನು?" ಎನ್ನುವವರು ತಮ್ಮ ಕೊಟ್ಟಿಗೆಯನ್ನೊಮ್ಮೆ ನೋಡಲಿ. ನಮ್ಮ ಮನೆಯಲ್ಲಿ ಒಂದು ಎಮ್ಮೆ ಇತ್ತು. ಒಂಬತ್ತು ಸೂಲು ಹಾಲು ಕೊಟ್ಟಿತು. ಬರಡಾದ ಮೇಲೆ ಅಪ್ಪ ಸಂತೆಯ ದಲ್ಲಾಳಿಗೆ ಕೊಟ್ಟರು. ಹೊರಡುವ ದಿನ ಅವ್ವ ಅದರ ಹಣೆಗೆ ವಿಭೂತಿ ಹಚ್ಚಿ, ಆರತಿ ಬೆಳಗಿ, ಕಾಲಿಗೆ ನೀರು ಹಾಕಿದಳು. ನನಗೆ ಆಗ ಹತ್ತು ವರ್ಷ. "ಅಪ್ಪಾ, ಅದು ಎಲ್ಲಿಗೆ ಹೋಗ್ತದ?" ಎಂದೆ. "ಮಾರಿದವರು ಕೇಳಬಾರದು" ಎಂದರು. ಅಪ್ಪ ತ್ರಿಕಾಲ ಪೂಜೆ ಮಾಡುತ್ತಿದ್ದವರು, ಕೆಟ್ಟವರಲ್ಲ. ಕೇಳಬಾರದು ಎಂಬುದು ಅವರಿಗೆ ಅವರ ಅಪ್ಪನಿಂದ ಬಂದಿತ್ತು. ಎಮ್ಮೆಯ ಗಂಡುಕರುಗಳ ಕಥೆಯನ್ನು ಹಾಲು ಹಿಂಡುವ ತಾಯಂದಿರಿಗೆ ನಾನು ಹೇಳಬೇಕಿಲ್ಲ. ಕೆಚ್ಚಲಿಗೆ ಬಿಡದೆ, ಮೂಲೆಯಲ್ಲಿ ಕಟ್ಟಿ, ತಾನಾಗಿಯೇ ಸಾಯಲು ಬಿಟ್ಟ ಕರುಗಳನ್ನು ಲಿಂಗವಂತರ ಕೊಟ್ಟಿಗೆಗಳಲ್ಲೇ ಎಷ್ಟೋ ನೋಡಿದ್ದೇನೆ. ಅಲ್ಲಿ ಕತ್ತಿ ಇರುವುದಿಲ್ಲ, ಅಷ್ಟೇ.

2021ರಲ್ಲಿ ನಮ್ಮ ರಾಜ್ಯದಲ್ಲಿ ಹೊಸ ಗೋಹತ್ಯೆ ನಿಷೇಧ ಕಾಯ್ದೆ ಜಾರಿಗೆ ಬಂದಿತು. ಆಕಳು, ಎತ್ತು, ಹೋರಿ, ಕರುವನ್ನು ಕೊಯ್ಯುವಂತಿಲ್ಲ, 13 ವರ್ಷದೊಳಗಿನ ಎಮ್ಮೆ ಕೋಣವನ್ನೂ ಕೊಯ್ಯುವಂತಿಲ್ಲ. "ಇನ್ನೇನು, ಮುಗಿಯಿತಲ್ಲ" ಎಂದವರಿದ್ದಾರೆ. ಕುರಿ, ಆಡು, ಹಂದಿ, ಕೋಳಿ, ವಯಸ್ಸಾದ ಎಮ್ಮೆ ಉಳಿದೇ ಇವೆ. ದಯೆಗೆ ಆಕಳು ಬೇರೆ, ಕುರಿ ಬೇರೆ ಎಂಬ ಭೇದ ನಮ್ಮ ಶರಣರು ಕಲಿಸಿದ್ದಲ್ಲ.

ದಯೆಯ ಹೆಸರಿನಲ್ಲಿ ನಾವು ಮಾಡಬಾರದ್ದೂ ಒಂದಿದೆ. ಗಾಡಿ ತಡೆಯುವುದು, ಹೊಡೆಯುವುದು, ಬೈಯುವುದು ನಮ್ಮ ಕೆಲಸವಲ್ಲ. ಒಂದು ಲಾರಿಯಲ್ಲಿ ಆರಕ್ಕಿಂತ ಹೆಚ್ಚು ದನ, ನಲವತ್ತಕ್ಕಿಂತ ಹೆಚ್ಚು ಕುರಿ ಸಾಗಿಸಬಾರದು ಎಂಬ ನಿಯಮ ಇದೆ. ಮುರಿದದ್ದು ಕಂಡರೆ ಪೊಲೀಸರಿಗೆ ಹೇಳಿ, ಬರೆದುಕೊಡಿ, ಅಲ್ಲಿಗೆ ನಿಲ್ಲಿಸಿ. 'ಕಟುಕ' ಎಂಬುದನ್ನು ನಾವು ಬೈಗುಳ ಮಾಡಿಕೊಂಡಿದ್ದೇವೆ. ಚರ್ಮ ಹದ ಮಾಡುತ್ತಿದ್ದ ಡೋಹರ ಕಕ್ಕಯ್ಯನವರನ್ನು ತಮ್ಮ ಬಂಧುವೆಂದು ಒಪ್ಪಿಕೊಂಡ ಬಸವಣ್ಣನವರ ಹೆಸರು ಹೇಳುವವರ ಬಾಯಲ್ಲಿ ಆ ಬೈಗುಳ ಒಪ್ಪುವುದಿಲ್ಲ. ನನಗೆ ನನ್ನ ತಪ್ಪು ತೋರಿಸಿದವರು ಆ ಚಾಚಾ. ಒಬ್ಬ ಸ್ವಾಮಿಗಳೂ ತೋರಿಸಿರಲಿಲ್ಲ, ಒಬ್ಬ ಮೇಲಧಿಕಾರಿಯೂ ತೋರಿಸಿರಲಿಲ್ಲ.

ಆಮೇಲೆ ಅವರ ಜೊತೆ ಕೂತು ಮಾತಾಡಿದೆ. ಕೊಯ್ಯುವ ಕ್ರಮದ ವಿಷಯ ತೆಗೆದರೆ ಜಗಳ ಆಗುತ್ತದೆಂದು ಹೆದರಿದ್ದೆ. 1960ರ ಕಾಯ್ದೆಯ 28ನೆಯ ಕಲಮು ಯಾವುದೇ ಸಮುದಾಯದ ಧರ್ಮ ಹೇಳುವ ರೀತಿಯನ್ನು ಮುಟ್ಟುವುದಿಲ್ಲ, ಮುಟ್ಟುವುದು ನನ್ನ ಉದ್ದೇಶವೂ ಆಗಿರಲಿಲ್ಲ. ಅವರೇ ಹೇಳಿದರು: ಅವರ ಪ್ರವಾದಿಗಳ ಬೋಧನೆಯಲ್ಲೂ ಕತ್ತಿ ಹರಿತ ಇರಬೇಕು, ಅದನ್ನು ಪ್ರಾಣಿಯ ಎದುರಿಗೆ ಮಸೆಯಬಾರದು, ಪ್ರಾಣಿಗೆ ಯಾತನೆ ಕೊಡಬಾರದು ಎಂದಿದೆಯಂತೆ. "ಆದ್ರ ಜಾಗಾನ ಇಲ್ಲಲ್ರಿ ಸಾಹೇಬ್ರ. ಒಂದು ಅಡ್ಡಗೋಡೆ ಕಟ್ಟಿಸಿಕೊಡ್ರಿ, ನಾವೇನು ಬ್ಯಾಡ ಅಂತೀವೇನು?" ಹತ್ತು ವರ್ಷದಿಂದ ನಗರಸಭೆಗೆ ಅವರು ಕೇಳುತ್ತಿದ್ದದ್ದು ಅದೇ ಗೋಡೆಯನ್ನು. ಜಾರದ ನೆಲವನ್ನೂ ಕೇಳುತ್ತಿದ್ದರು, ಕೆಲಸಗಾರರು ಅದರ ಮೇಲೆ ಬಿದ್ದು ಕೈಕಾಲು ಮುರಿದುಕೊಳ್ಳುತ್ತಿದ್ದರು.

ಅಡ್ಡಗೋಡೆಗೆ ಮೂರು ಸಲ ಪತ್ರ ಬರೆದೆ. ಉತ್ತರ ಬರಲಿಲ್ಲ. ಕೊನೆಗೆ ತಗಡಿನ ತಡಿಕೆ ಹಾಕಿಸಿದೆವು, ಖರ್ಚಿನ ಅರ್ಧ ಅಂಗಡಿಯವರದೇ. ಸಿಮೆಂಟಿನ ನೀರಿನ ತೊಟ್ಟಿ ಒಂದು ಆಯಿತು. ಆ ಹುಡುಗನ ಕೆಲಸ ಬಿಡಿಸಿದೆ, ಅವನ ಅಪ್ಪ ಎರಡು ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ಮೊದಲೇ ಸಹಿ ಹಾಕುವುದು ನಿಂತಿತು. ನಾನು ಹೋಗಿ ನೋಡಿದ ಮೊದಲ ತಿಂಗಳಲ್ಲೇ ಐದು ಗಬ್ಬದ ಕುರಿಗಳನ್ನು ವಾಪಸು ಕಳಿಸಿದೆ. ಅವು ಮುಂದೆ ಎಲ್ಲಿಗೆ ಹೋದವೋ ಶಿವನಿಗೇ ಗೊತ್ತು. 24 ಗಂಟೆಯ ವಿಶ್ರಾಂತಿ ಆಗಲೇ ಇಲ್ಲ, ಅಷ್ಟು ಕುರಿ ನಿಲ್ಲಿಸುವ ಕೊಟ್ಟಿಗೆಯೇ ಇರಲಿಲ್ಲ. ಅಷ್ಟರಲ್ಲಿ ನನಗೆ ವರ್ಗಾವಣೆ ಆಯಿತು. ನಾನು ಹೋದ ಮೇಲೆ ಪುಸ್ತಕ ಮತ್ತೆ ಮನೆಗೆ ಹೋಗತೊಡಗಿತು ಎಂದು ಚಾಚಾ ಫೋನಿನಲ್ಲಿ ಹೇಳಿದರು.

ಒಬ್ಬ ಅಧಿಕಾರಿಯ ಮನಸ್ಸು ಕರಗಿದ್ದಕ್ಕೆ ನಡೆದದ್ದು ಅವನು ಹೋದ ಕೂಡಲೇ ನಿಲ್ಲುತ್ತದೆ. ಯಾರೋ ಬಂದು ನೋಡುತ್ತಾರೆ, ಎಣಿಸುತ್ತಾರೆ ಎಂಬುದು ಖಾಯಂ ಆಗಬೇಕು. ಅಮೆರಿಕದಲ್ಲಿ ಈ ಬಗೆಗಿನ ಕಾಯ್ದೆ 1958ರಲ್ಲೇ ಬಂದಿತ್ತು, ಆದರೂ ಎಷ್ಟೋ ಕಡೆ ಅದು ಕಾಗದದಲ್ಲೇ ಇತ್ತು. 1990ರ ದಶಕದಲ್ಲಿ ಟೆಂಪಲ್ ಗ್ರಾಂಡಿನ್ ಎಂಬ ವಿಜ್ಞಾನಿ, ಆಕೆಗೆ ಹುಟ್ಟಿನಿಂದಲೇ ಆಟಿಸಂ ಇದೆ, ಬಹಳ ಸರಳವಾದ ಒಂದು ದಾರಿ ಹಾಕಿಕೊಟ್ಟರು. "ಚೆನ್ನಾಗಿ ನೋಡಿಕೊಳ್ಳಿ" ಎನ್ನುವುದನ್ನು ಬಿಟ್ಟು ಎಣಿಸಿರಿ ಎಂದರು. ನೂರು ದನ ನಡೆದು ಹೋಗುವಾಗ ಎಷ್ಟು ಜಾರಿ ಬಿದ್ದವು, ಎಷ್ಟು ಕೂಗಿದವು, ಎಷ್ಟಕ್ಕೆ ಕರೆಂಟಿನ ಕೋಲು ಮುಟ್ಟಿಸಿದರು. ನೂರಕ್ಕೆ ಒಂದಕ್ಕಿಂತ ಹೆಚ್ಚು ಬಿದ್ದರೆ ಆ ಕಾರ್ಖಾನೆ ಫೇಲು. 1999ರಲ್ಲಿ ಮೆಕ್‌ಡೊನಾಲ್ಡ್ಸ್ ಕಂಪನಿ ತನಗೆ ಮಾಂಸ ಕೊಡುವವರನ್ನು ಇದೇ ಲೆಕ್ಕದಲ್ಲಿ ತಪಾಸಣೆ ಮಾಡಿಸತೊಡಗಿದ ಮೇಲೆ ಕಾಯ್ದೆ ನಲವತ್ತು ವರ್ಷದಲ್ಲಿ ಮಾಡದ್ದು ಬೇಗ ಬೇಗ ಆಯಿತು. ನೆಲಕ್ಕೆ ಗೀರು ಹಾಕುವುದು, ತೂಗಾಡುವ ಸರಪಳಿ ತೆಗೆಯುವುದು, ಕತ್ತಲ ಮೂಲೆಗೆ ದೀಪ ಹಾಕುವುದು, ಇಂಥ ಸಣ್ಣ ಕೆಲಸಗಳೇ ಹೆಚ್ಚು. ಆ ಕಂಪನಿಯನ್ನು ಹೊಗಳಲು ಇದನ್ನು ಹೇಳುತ್ತಿಲ್ಲ. ಎಣಿಸಲು ಡಾಕ್ಟರೇ ಬೇಕಿಲ್ಲ, ಕಣ್ಣಿದ್ದವರು ಸಾಕು ಎಂದು ಹೇಳುತ್ತಿದ್ದೇನೆ.

ನಮ್ಮ ನಿಯಮದಲ್ಲೂ ಅದಕ್ಕೆ ದಾರಿ ಇದೆ. ಪ್ರಾಣಿ ಕಲ್ಯಾಣ ಮಂಡಳಿ, ಅಥವಾ ಅದು ಅಧಿಕಾರ ಕೊಟ್ಟ ವ್ಯಕ್ತಿ ಇಲ್ಲವೆ ಸಂಸ್ಥೆ, ಕೆಲಸದ ಹೊತ್ತಿನಲ್ಲಿ ಮುನ್ಸೂಚನೆ ಇಲ್ಲದೆ ಕಸಾಯಿಖಾನೆಗೆ ಹೋಗಿ ನೋಡಬಹುದು, ವರದಿ ಕೊಡಬಹುದು. ಪ್ರತಿ ಜಿಲ್ಲೆಯಲ್ಲೂ ಪ್ರಾಣಿ ದಯಾ ಸಂಘ ಇರಬೇಕೆಂದು 2001ರದೇ ಇನ್ನೊಂದು ನಿಯಮ ಹೇಳುತ್ತದೆ. ಅದರ ಹೆಸರಿನಲ್ಲೇ ನಮ್ಮ ಮಾತು ಇದೆ. ಸಂವಿಧಾನದ 51ಎ(ಜಿ) ಕಲಮಿನಲ್ಲೂ ಇದೆ: ಜೀವಿಗಳಲ್ಲಿ ದಯೆ ಇಡುವುದು ಪ್ರತಿಯೊಬ್ಬ ಪ್ರಜೆಯ ಮೂಲಭೂತ ಕರ್ತವ್ಯ. 2014ರಲ್ಲಿ ಜಲ್ಲಿಕಟ್ಟು ಪ್ರಕರಣದ ತೀರ್ಪು ಕೊಡುವಾಗ ಸುಪ್ರೀಂ ಕೋರ್ಟು ಈ ಕಲಮನ್ನೇ ಎತ್ತಿ ಹಿಡಿಯಿತು. ಮಠಗಳು ಗೋಶಾಲೆ ನಡೆಸುತ್ತವೆ, ಒಳ್ಳೆಯದೇ. ಆದರೆ ಜಿಲ್ಲೆಯ ದಯಾ ಸಂಘದ ಸಭೆಯಲ್ಲಿ ಮಠದ ಕಡೆಯವರು ಒಬ್ಬರೂ ಕೂತಿದ್ದನ್ನು ನನ್ನ ನೌಕರಿಯಲ್ಲಿ ನಾನು ಕಂಡಿಲ್ಲ.

ಇಲ್ಲಿಗೆ ಬಂದು ನೆಲೆಸಿದ ಮೇಲೆ ಈ ಊರಿನ ನಗರಸಭೆಗೆ ಮಾಹಿತಿ ಹಕ್ಕಿನಲ್ಲಿ ನಾಲ್ಕು ಪ್ರಶ್ನೆ ಕೇಳಿದೆ. ದಿನಕ್ಕೆ ಎಷ್ಟು ಪ್ರಾಣಿಗೆ ಪರವಾನಗಿ ಇದೆ, ತಪಾಸಣೆ ಮಾಡುವ ವೈದ್ಯರು ಯಾರು, ಕಳೆದ ವರ್ಷ ಎಷ್ಟು ಸರ್ಟಿಫಿಕೇಟು ಕೊಟ್ಟರು, ಎಷ್ಟು ಪ್ರಾಣಿಯನ್ನು ತಿರಸ್ಕರಿಸಿದರು. ಕೊನೆಯ ಪ್ರಶ್ನೆಗೆ ಉತ್ತರ 'ಸೊನ್ನೆ' ಎಂದು ಬಂತು. ಒಂದು ವರ್ಷ ಪೂರ್ತಿ ಒಂದೂ ಗಬ್ಬದ ಕುರಿ ಬರಲಿಲ್ಲ, ಒಂದೂ ರೋಗದ ಆಡು ಬರಲಿಲ್ಲ. ಆ ಸೊನ್ನೆ ಎಲ್ಲಿ ಕೂತು ಬರೆದದ್ದು ಎಂದು ನನಗೆ ಗೊತ್ತು, ನಾನೂ ಅಲ್ಲೇ ಕೂತಿದ್ದವನು.

ಆ ಕಾಗದ ಹಿಡಿದು ಪೌರಾಯುಕ್ತರ ಹತ್ತಿರ ಹೋದೆ. ಅವರು ಸಜ್ಜನರು. ನಾಲ್ಕು ಜನ ಹಿರಿಯರು ಬಂದು ನೋಡಬಹುದು ಎಂದು ಬರೆದುಕೊಟ್ಟಿದ್ದಾರೆ. ಅಂಗಡಿಯವರ ಸಂಘಕ್ಕೂ ತಿಳಿಸಿದ್ದೇನೆ, ಬರ್ರಿ ಎಂದಿದ್ದಾರೆ. ಪತ್ರ ನನ್ನ ಜೇಬಿನಲ್ಲಿದೆ. ಒಬ್ಬನಂತೂ ನಾನಾದೆ, ಇನ್ನೂ ಮೂವರು ಬೇಕು. ತಾಯಂದಿರೂ ಬರಬಹುದು. ಬರುವ ಭಾನುವಾರ ನಸುಕಿನ ನಾಲ್ಕಕ್ಕೆ ಮಠದ ಮಹಾದ್ವಾರದಲ್ಲಿ ನಿಂತಿರುತ್ತೇನೆ. ಬರುವವರು ಒಂದು ಬ್ಯಾಟರಿ, ಒಂದು ವಹಿ, ಪೆನ್ನು ತನ್ನಿ. ನೆಲ ಜಾರುತ್ತದೆ, ಹಳೇ ಚಪ್ಪಲಿ ಬೇಡ.